ಬೂದಿ ಮುಚ್ಚಿದ ಕೆಂಡ: ಬೆಂಕಿ ಅವಘಡ ಕಂಡ ಮನಸ್ಸಿಗೂ ಉಚಿತ ಚಿಕಿತ್ಸೆ ಇದೆ

(ಟ್ರಸ್ಟ್‌ನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)





ನಿವೃತ್ತ ಶಿಕ್ಷಕರನ್ನು ವೇದಿಕೆಗೆ ಕರೆದರೆ ಅವರು ಅಂಕಗಳ ಬಗ್ಗೆ ಮಾತನಾಡುತ್ತಾರೆ ಎಂದು ನಿಮಗೆಲ್ಲ ಗೊತ್ತು. ನಾನೂ ಅಂಕಗಳಿಂದಲೇ ಶುರು ಮಾಡುತ್ತೇನೆ. ಎಂಟನೇ ತರಗತಿಯವರೆಗೆ ಚೆನ್ನಾಗಿ ಓದುತ್ತಿದ್ದ ಮಗು ಒಂಬತ್ತಕ್ಕೆ ಬಂದಾಗ ಏಕಾಏಕಿ ಹಿಂದೆ ಬೀಳುತ್ತದೆ. ಆಗ ನಾವು ಏನು ಹೇಳುತ್ತೇವೆ? ಮೊಬೈಲ್ ಹಾಳು ಮಾಡಿತು, ಸಹವಾಸ ಕೆಟ್ಟಿತು, ಸೋಮಾರಿತನ ಬಂತು ಎನ್ನುತ್ತೇವೆ. ಕೆಲವು ಸಲ ಅದು ನಿಜವಿರಬಹುದು. ಆದರೆ ಕೆಲವು ಮಕ್ಕಳ ಮನೆಯಲ್ಲಿ ಎರಡು ಮೂರು ವರ್ಷಗಳ ಹಿಂದೆ ಬೆಂಕಿ ಅವಘಡ ನಡೆದಿರುತ್ತದೆ. ಬೆಂಕಿ ಆರಿದೆ, ಗೋಡೆಗೆ ಸುಣ್ಣ ಹೊಡೆದಾಗಿದೆ, ನೋಡಲು ಬಂದ ನೆಂಟರು ವಾಪಸು ಹೋಗಿದ್ದಾರೆ. ಮಗುವಿನ ಮನಸ್ಸಿನಲ್ಲಿ ಮಾತ್ರ ಅದು ಬೂದಿ ಮುಚ್ಚಿದ ಕೆಂಡದ ಹಾಗೆ ಉಳಿದಿರುತ್ತದೆ. ಇಂಥವರಿಗೆ ನಮ್ಮ ಊರಿನಲ್ಲಿಯೇ ಉಚಿತ ಚಿಕಿತ್ಸೆ ಇದೆ. ಅಲ್ಲಿಗೆ ಅವರನ್ನು ಕೈಹಿಡಿದು ಕರೆದುಕೊಂಡು ಹೋಗುವವರು ಬೇಕಾಗಿದ್ದಾರೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ಇಲ್ಲಿರುವ ಹಿರಿಯರಿಗೆಲ್ಲ 2021ರ ಜನವರಿ 21ರ ರಾತ್ರಿ ನೆನಪಿದೆ. ಶಿವಮೊಗ್ಗ ಹೊರವಲಯದ ಹುಣಸೋಡು ಗ್ರಾಮದ ಕಲ್ಲುಗಣಿ ಮತ್ತು ಕ್ರಷರ್ ಇದ್ದ ಜಾಗದಲ್ಲಿ ಲಾರಿಯಲ್ಲಿದ್ದ ಸ್ಫೋಟಕಗಳು ಸಿಡಿದವು. ಆರು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಭದ್ರಾವತಿ ತಾಲ್ಲೂಕಿನವರೂ ಇದ್ದರು, ದುಡಿಯಲು ಆಂಧ್ರದಿಂದ ಬಂದವರೂ ಇದ್ದರು. ಸದ್ದು ನೆರೆಯ ಜಿಲ್ಲೆಗಳಿಗೂ ಕೇಳಿಸಿತು. ಜನ ಭೂಕಂಪವೆಂದುಕೊಂಡು ಮಲಗಿದ್ದ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಓಡಿದರು. ಮರುದಿನ ಬಿರುಕು ಬಿಟ್ಟ ಗೋಡೆ, ಒಡೆದ ಕಿಟಕಿ ಗಾಜು ಎಲ್ಲವೂ ಟಿವಿಯಲ್ಲಿ ಬಂತು. ಆದರೆ ಆ ರಾತ್ರಿಯ ನಂತರ ಪಟಾಕಿ ಸದ್ದಾದರೂ ಅಮ್ಮನ ಸೆರಗು ಹಿಡಿದುಕೊಂಡ ಮಕ್ಕಳು, ಲಾರಿಯ ಹಿಂಬಾಗಿಲು ಧಡ್ ಎಂದು ಬಿದ್ದರೆ ಎದೆ ಹಿಡಿದುಕೊಂಡ ಅಜ್ಜಿಯರು ಯಾವ ಟಿವಿಯಲ್ಲೂ ಬರಲಿಲ್ಲ.

ಅಷ್ಟು ದೊಡ್ಡ ಅವಘಡವೇ ಆಗಬೇಕೆಂದಿಲ್ಲ. ನಮ್ಮ ಜನರ ಕಸುಬುಗಳನ್ನು ನೋಡಿ. ವೆಲ್ಡಿಂಗ್ ಅಂಗಡಿ, ಗ್ಯಾರೇಜು, ಗುಜರಿ, ಹೋಟೆಲಿನ ದೊಡ್ಡ ಒಲೆ, ಮದುವೆ ಮನೆಯ ಬಿರಿಯಾನಿ ದೇಗ್. ಭದ್ರಾವತಿಯಲ್ಲಿ ಉಕ್ಕಿನ ಕಾರ್ಖಾನೆಯ ಕುಲುಮೆ ಮುಂದೆ ತಲೆಮಾರುಗಳು ದುಡಿದಿವೆ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇದೆ. ಬೆಂಕಿಯ ಜೊತೆಯಲ್ಲೇ ನಮ್ಮ ಅನ್ನ ಇದೆ. ಇನ್ನು ಕಾಡಿನ ಅಂಚಿನ ಹಳ್ಳಿಗಳವರಿಗೆ, ಭದ್ರಾ ಮತ್ತು ಶೆಟ್ಟಿಹಳ್ಳಿ ಅರಣ್ಯದ ಸುತ್ತ ಇರುವವರಿಗೆ, ಫೆಬ್ರುವರಿಯಿಂದ ಮಳೆ ಬರುವವರೆಗೆ ಕಾಡ್ಗಿಚ್ಚಿನ ಆತಂಕ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ 10,000 ಎಕರೆಗೂ ಹೆಚ್ಚು ಕಾಡು ಸುಟ್ಟಿತು. 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡ್ಗಿಚ್ಚು ಆರಿಸಲು ಹೋದ ಅರಣ್ಯ ಸಿಬ್ಬಂದಿಯೊಬ್ಬರು ಸುಟ್ಟ ಗಾಯಗಳಿಂದ ತೀರಿಕೊಂಡರು. ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯುವ ದಿನಗೂಲಿ ಕಾವಲುಗಾರನ ಕೈ ಸುಟ್ಟರೆ ಮುಲಾಮು ಸಿಗುತ್ತದೆ. ಅವನ ಮನಸ್ಸಿನ ಬಗ್ಗೆ ಕೇಳುವವರು ಕಡಿಮೆ.

ಮನಸ್ಸಿಗೆ ಬೆಂಕಿ ಏನು ಮಾಡುತ್ತದೆ ಎನ್ನುವುದನ್ನು ವೈದ್ಯಶಾಸ್ತ್ರ ಕಲಿತಿದ್ದು ಬೆಂಕಿ ದುರಂತಗಳಿಂದಲೇ. 1942ರ ನವೆಂಬರ್ 28ರಂದು ಅಮೆರಿಕದ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ಕ್ಲಬ್ಬಿನಲ್ಲಿ ಬೆಂಕಿ ಬಿದ್ದು 492 ಮಂದಿ ಸತ್ತರು. ಬದುಕಿ ಉಳಿದವರನ್ನೂ ಸತ್ತವರ ಮನೆಯವರನ್ನೂ ಮಾತನಾಡಿಸಿದ ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು 1944ರಲ್ಲಿ ಒಂದು ಲೇಖನ ಬರೆದರು. ದುಃಖ ಕೆಲವರಲ್ಲಿ ತಡವಾಗಿ ಹೊರಬರುತ್ತದೆ, ಮೇಲ್ನೋಟಕ್ಕೆ ಗಟ್ಟಿಯಾಗಿ ಓಡಾಡುತ್ತಿದ್ದವರೂ ಆಮೇಲೆ ಕುಸಿಯಬಹುದು ಎಂದು ಅವರು ತೋರಿಸಿದರು. ಸಕಾಲದಲ್ಲಿ ಜೊತೆಗೆ ಕುಳಿತು ಮಾತನಾಡಿದರೆ ಬಹಳ ಜನ ಚೇತರಿಸಿಕೊಳ್ಳುತ್ತಾರೆ, ಈ ಕೆಲಸದಲ್ಲಿ ಧರ್ಮಗುರುಗಳೂ ಸಮಾಜ ಕಾರ್ಯಕರ್ತರೂ ನೆರವಾಗಬಹುದು ಎಂದೂ ಬರೆದರು. ಇಮಾಮ್ ಸಾಹೇಬರು ಈ ಮಾತನ್ನು ಗಮನಿಸಬೇಕೆಂದು ಕೋರುತ್ತೇನೆ.

ನಮ್ಮ ರಾಜ್ಯದ ದುರಂತವೂ ಇದೆ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಹತ್ತಿ 92 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಸರ್ಕಸ್ ನೋಡಲು ಹೋಗಿದ್ದ ಮಕ್ಕಳು. ಮಕ್ಕಳನ್ನು ಕಳೆದುಕೊಂಡ ಮನೆಗಳವರ ದುಃಖವನ್ನು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದರು. 1984ರಲ್ಲಿ ಭೋಪಾಲ್ ಅನಿಲ ದುರಂತವಾದಾಗ ಅದೇ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಸಂತ್ರಸ್ತರ ಮನಸ್ಸಿನ ನೋವನ್ನು ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ನೀಡಿದರು. ದೊಡ್ಡ ಆಸ್ಪತ್ರೆಯ ತಜ್ಞರೇ ಬೇಕೆಂದಿಲ್ಲ, ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರೂ ಕಲಿತು ಈ ಕೆಲಸ ಮಾಡಬಹುದು ಎನ್ನುವುದು ಇದರ ಹಿಂದಿನ ನಂಬಿಕೆ. ಅದೇ ನಂಬಿಕೆಯಿಂದ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ಜಿಲ್ಲೆಯಲ್ಲೂ ಈಗ ಇರುವುದು ಇದೇ ಕಾರ್ಯಕ್ರಮ.

ಮಕ್ಕಳ ಓದಿನ ವಿಷಯಕ್ಕೆ ಬರುತ್ತೇನೆ. 2009ರ ಫೆಬ್ರುವರಿ 7ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಭಾರಿ ಕಾಡ್ಗಿಚ್ಚು ಎದ್ದು 173 ಮಂದಿ ಸತ್ತರು, ಊರುಗಳೇ ಸುಟ್ಟುಹೋದವು. ಮೆಲ್ಬರ್ನ್ ವಿಶ್ವವಿದ್ಯಾಲಯದವರು ಅಲ್ಲಿನ ಜನರ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಹೆಚ್ಚಿನವರು ಚೇತರಿಸಿಕೊಂಡಿದ್ದರು. ಆದರೆ ಹೆಚ್ಚು ಹಾನಿಯಾದ ಊರುಗಳಲ್ಲಿ ಐದು ವರ್ಷಗಳ ನಂತರವೂ ಸುಮಾರು ಐವರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆಯ ಲಕ್ಷಣಗಳಿದ್ದವು. ಶಾಲೆಗಳ ಫಲಿತಾಂಶವನ್ನೂ ಅವರು ನೋಡಿದರು. ಬೆಂಕಿಯ ಹೊಡೆತ ಹೆಚ್ಚು ತಿಂದ ಊರುಗಳ ಶಾಲೆಯ ಮಕ್ಕಳು ಮೂರನೇ ತರಗತಿಯಿಂದ ಐದನೇ ತರಗತಿಗೆ ಬರುವ ಹೊತ್ತಿಗೆ ಓದುವುದರಲ್ಲಿ ಮತ್ತು ಲೆಕ್ಕದಲ್ಲಿ ಮುಂದುವರಿಯಬೇಕಾದಷ್ಟು ಮುಂದುವರಿದಿರಲಿಲ್ಲ. ಅದು ಬೆಂಕಿ ಬಿದ್ದ ವರ್ಷದ ಮಾತಲ್ಲ, ಎರಡರಿಂದ ನಾಲ್ಕು ವರ್ಷಗಳ ನಂತರದ ಮಾತು. ಎಲ್ಲರೂ ಮರೆತ ಮೇಲೆ ಮಗುವಿನ ಅಂಕಪಟ್ಟಿಯಲ್ಲಿ ಬೆಂಕಿ ಕಾಣಿಸಿಕೊಳ್ಳುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದವಳಿಗೆ ಇದನ್ನು ನಂಬಲು ಕಷ್ಟವಾಗಲಿಲ್ಲ.

ನಮ್ಮ ಕಡೆಯದೇ ಒಂದು ಉದಾಹರಣೆ ಹೇಳುತ್ತೇನೆ. ಹೆಸರು, ಬೀದಿ ಯಾವುದನ್ನೂ ಹೇಳುವುದಿಲ್ಲ. ಭದ್ರಾವತಿಯ ಒಂದು ಮನೆಯಲ್ಲಿ ಗ್ಯಾಸ್ ಸೋರಿ ಬೆಂಕಿ ಹತ್ತಿತು. ತಾಯಿಗೆ ಸುಟ್ಟ ಗಾಯಗಳಾದವು, ಪ್ರಾಣ ಉಳಿಯಿತು. ಸಂಜೆ ತರಗತಿಗೆ ನನ್ನ ಹತ್ತಿರ ಬರುತ್ತಿದ್ದ ಅವರ ಮಗಳು ಆಮೇಲೆ ಬಾಗಿಲ ಪಕ್ಕ ಬಿಟ್ಟು ಬೇರೆಲ್ಲೂ ಕೂರುತ್ತಿರಲಿಲ್ಲ. ಕರೆಂಟ್ ಹೋದಾಗ ಮೇಣದಬತ್ತಿ ಹಚ್ಚಿದರೆ ಎದ್ದು ಹೊರಗೆ ಹೋಗುತ್ತಿದ್ದಳು. ಓದಿದ್ದನ್ನು ಮತ್ತೆ ಓದುತ್ತಿದ್ದಳು, ಏನೂ ತಲೆಗೆ ಹತ್ತುತ್ತಿರಲಿಲ್ಲ. ಮನೆಯಲ್ಲಿ ಅವಳಿಗೆ ಬೈಗುಳ, ನೆರೆಯವರು ಹೇಳಿದ್ದು ಗಾಳಿ ಸೋಕಿದೆ ಎಂದು. ಕೊನೆಗೆ ಪಕ್ಕದ ಮನೆಯ ಖಾಲಾ ಒಬ್ಬರು ಒಂದು ಮಂಗಳವಾರ ಅಗರಬತ್ತಿ ಹೊಸೆಯುವ ಕೆಲಸ ಬಿಟ್ಟು ಅವಳನ್ನೂ ಅವಳ ತಾಯಿಯನ್ನೂ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಗಳಿಗೆ ಮಾತ್ರೆಯನ್ನೇ ಕೊಡಲಿಲ್ಲ. ಕೆಲವು ಸಲ ಕರೆಸಿ ಮಾತನಾಡಿಸಿದರು. ಭಯ ಬಂದಾಗ ಉಸಿರಾಟ ನಿಧಾನ ಮಾಡುವುದನ್ನು, ಒಲೆಯ ಹತ್ತಿರ ಸ್ವಲ್ಪ ಸ್ವಲ್ಪವಾಗಿ ಹೋಗುವುದನ್ನು ಕಲಿಸಿದರು. ಔಷಧಿ ಬೇಕಾಗಿದ್ದು ತಾಯಿಗೆ. ಹುಡುಗಿ ಆ ವರ್ಷ ಮೊದಲ ದರ್ಜೆ ಪಡೆಯಲಿಲ್ಲ, ಪಾಸಾದಳು. ಈಗ ಚಹಾ ಅವಳೇ ಮಾಡುತ್ತಾಳೆ. ನನ್ನ ಲೆಕ್ಕದಲ್ಲಿ ಅದು ಮೊದಲ ದರ್ಜೆಯೇ.

ಹಾಗಾದರೆ ಯಾರಿಗೆ ಸಹಾಯ ಬೇಕು ಎಂದು ತಿಳಿಯುವುದು ಹೇಗೆ? ಅವಘಡವಾದ ಮೊದಲ ಕೆಲವು ವಾರ ನಿದ್ದೆ ಬಾರದಿರುವುದು, ಬೆಚ್ಚಿಬೀಳುವುದು, ಅಳುವುದು ಎಲ್ಲರಿಗೂ ಸಹಜ. ಅದು ಕಾಯಿಲೆಯಲ್ಲ. ಒಂದು ತಿಂಗಳು ದಾಟಿದರೂ ಕಡಿಮೆಯಾಗದಿದ್ದರೆ ತೋರಿಸಬೇಕು. ಅದೇ ದೃಶ್ಯ ಕಣ್ಣ ಮುಂದೆ ಬರುತ್ತಿರುವುದು, ಆ ಜಾಗ ಅಥವಾ ಒಲೆಯ ಹತ್ತಿರ ಹೋಗಲಾರದಿರುವುದು, ಸಣ್ಣ ಸದ್ದಿಗೂ ಎದೆ ಬಡಿದುಕೊಳ್ಳುವುದು, ಯಾರ ಜೊತೆಗೂ ಸೇರದಿರುವುದು, ವಿಪರೀತ ಸಿಟ್ಟು, ಕುಡಿತ, ನಾನೊಬ್ಬನೇ ಯಾಕೆ ಉಳಿದೆ ಎಂಬ ಕೊರಗು, ಇವು ಗುರುತುಗಳು. ಚಿಕ್ಕ ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡಬಹುದು, ಹೊಟ್ಟೆನೋವೆಂದು ಶಾಲೆ ತಪ್ಪಿಸಬಹುದು, ಆಟದಲ್ಲಿ ಮತ್ತೆ ಮತ್ತೆ ಬೆಂಕಿಯ ಆಟವನ್ನೇ ಆಡಬಹುದು. ಬದುಕುವುದೇ ಬೇಡ ಎಂದು ಯಾರಾದರೂ ಹೇಳಿದರೆ ತಿಂಗಳು ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಲೀಸ್ ಕೇಸಾಗುತ್ತದೆ ಎಂಬ ಭಯದಿಂದ ಮುಚ್ಚಿಡಬೇಡಿ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ.

ಈಗ ಸಹಾಯ ಎಲ್ಲಿ ಸಿಗುತ್ತದೆ ಎಂದು ಹೇಳುತ್ತೇನೆ. ಮಕ್ಕಳೇ, ಇದನ್ನು ಬರೆದುಕೊಳ್ಳಿ.

ಒಂದನೆಯದು, 14416. ಟೆಲಿ ಮಾನಸ್ ಎಂಬ ಈ ದೂರವಾಣಿ ಸೇವೆ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕರೆಗೆ ದುಡ್ಡಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ತರಬೇತಿ ಪಡೆದ ಆಪ್ತಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ. ಬೇಕಾದರೆ ಮನೋವೈದ್ಯರ ಬಳಿಗೆ ಕಳಿಸುತ್ತಾರೆ. ಗಂಡನನ್ನು ಕಳೆದುಕೊಂಡು ಇದ್ದತ್‌ನಲ್ಲಿ ಕುಳಿತಿರುವ ಹೆಣ್ಣುಮಗಳಿಗೆ ಇದು ದೊಡ್ಡ ಅನುಕೂಲ. ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗಿರುವ ಅವಳ ದುಃಖವನ್ನು ಕೇಳಲು ಯಾರೂ ಇಲ್ಲದಿದ್ದಾಗ ಫೋನ್ ಇದೆ.

ಎರಡನೆಯದು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಅಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಸುಟ್ಟ ಗಾಯದ ಚಿಕಿತ್ಸೆಗೆ ಹೋದಾಗಲೇ, ನಿದ್ದೆ ಬರುತ್ತಿಲ್ಲ, ಅಲ್ಲಿಗೂ ತೋರಿಸಬೇಕು ಎಂದು ನೀವೇ ಬಾಯಿಬಿಟ್ಟು ಕೇಳಬಹುದು.

ಮೂರನೆಯದು, ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಎಂಬ ರಾಜ್ಯ ಸರ್ಕಾರದ ಕಾರ್ಯಕ್ರಮದಲ್ಲಿ ಮನೋವೈದ್ಯರು ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಭದ್ರಾವತಿಯವರು ಶಿವಮೊಗ್ಗಕ್ಕೆ ಬಸ್ ಹತ್ತುವ ಮೊದಲು ತಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿಕೊಳ್ಳಿ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು.

ಇದು ಯಾರೋ ಕೊಡುವ ಭಿಕ್ಷೆಯಲ್ಲ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಬಿಪಿಎಲ್ ಕಾರ್ಡ್ ಕೈಯಲ್ಲಿ ಇರಲಿ ಇಲ್ಲದಿರಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ಚಿಕಿತ್ಸೆ ಉಚಿತವಾಗಿ ಸಿಗಬೇಕು ಎಂದು ಅದೇ 2017ರ ಕಾಯಿದೆಯ 18ನೇ ಸೆಕ್ಷನ್ ಹೇಳುತ್ತದೆ. ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿಡಬೇಕು ಎಂದು 23ನೇ ಸೆಕ್ಷನ್ ಹೇಳುತ್ತದೆ. ಮಗಳ ಮದುವೆಗೆ ತೊಂದರೆಯಾಗುತ್ತದೆ ಎಂದು ಹೆದರುವ ತಾಯಂದಿರಿಗೆ ಇದನ್ನು ತಿಳಿಸಿ.

ಇಷ್ಟೆಲ್ಲ ಇದ್ದೂ ಜನ ಏಕೆ ಹೋಗುವುದಿಲ್ಲ? ಒಂದು ಕಾರಣ ಕೂಲಿ. ಆಸ್ಪತ್ರೆಯ ಸರದಿಯಲ್ಲಿ ನಿಂತರೆ ಆ ದಿನದ ದುಡಿಮೆ ಹೋಯಿತು, ಬಸ್ ಚಾರ್ಜು ಬೇರೆ. ಚಿಕಿತ್ಸೆ ಉಚಿತವಾದರೂ ಹೋಗಿಬರುವುದು ಉಚಿತವಲ್ಲ. ಇನ್ನೊಂದು ಕಾರಣ ನಾಚಿಕೆ. ಮನೋವೈದ್ಯರ ಬಳಿ ಹೋದವರನ್ನೆಲ್ಲ ಹುಚ್ಚರೆನ್ನುವ ಬಾಯಿಗಳು ನಮ್ಮಲ್ಲಿ ಇನ್ನೂ ಇವೆ. ಇದೇ ಶಿವಮೊಗ್ಗದಲ್ಲಿ ಮನೋವೈದ್ಯ ಡಾ. ಅಶೋಕ್ ಪೈ ಅವರು 2016ರಲ್ಲಿ ತೀರಿಕೊಳ್ಳುವವರೆಗೂ ಪುಸ್ತಕ, ಪತ್ರಿಕೆ, ಸಿನಿಮಾಗಳ ಮೂಲಕ ಮನಸ್ಸಿನ ಕಾಯಿಲೆಯೂ ಮೈಯ ಕಾಯಿಲೆಯಂತೆಯೇ ಎಂದು ಕನ್ನಡಿಗರಿಗೆ ತಿಳಿಸುತ್ತಾ ಬಂದರು. ಅವರ ಊರಿನವರಾದ ನಾವು ಹಿಂಜರಿಯಬಾರದು.

ಮತ್ತೊಂದು ಕಾರಣವನ್ನು ಇಮಾಮ್ ಸಾಹೇಬರ ಮುಂದೆ ಅದಬಿನಿಂದ ಹೇಳುತ್ತೇನೆ. ಈಮಾನ್ ಗಟ್ಟಿಯಿದ್ದವರಿಗೆ ಹೀಗೆಲ್ಲ ಆಗುವುದಿಲ್ಲ, ಸಬ್ರ್ ಮಾಡು ಸಾಕು ಎಂದು ಕೆಲವರು ನೊಂದವರಿಗೆ ಹೇಳುತ್ತಾರೆ. ಯೂಸುಫ್ ಅಲೈಹಿಸ್ಸಲಾಮರಿಗಾಗಿ ಕೊರಗಿ ತಂದೆ ಯಾಕೂಬ್ ಅಲೈಹಿಸ್ಸಲಾಮರ ಕಣ್ಣು ಬೆಳ್ಳಗಾದ ವಿಷಯ ಕುರ್‌ಆನ್‌ನಲ್ಲೇ ಇದೆ. ಬೀಬಿ ಖದೀಜಾ ಮತ್ತು ಅಬೂ ತಾಲಿಬ್ ತೀರಿಕೊಂಡ ವರ್ಷವನ್ನು ನಮ್ಮ ಇತಿಹಾಸ ದುಃಖದ ವರ್ಷವೆಂದೇ ಕರೆದಿದೆ. ಪ್ರವಾದಿಗಳಿಗೇ ದುಃಖವಾಗಿರುವಾಗ ನೊಂದ ಹೆಣ್ಣುಮಗಳ ಈಮಾನ್ ಅಳೆಯಲು ನಾವು ಯಾರು? ನಮ್ಮ ಹಿರಿಯರು ದವಾ ಭೀ, ದುಆ ಭೀ ಎನ್ನುತ್ತಿದ್ದರು. ದುಆ ನೀವು ಮಾಡಿ, ದವಾಗೆ ದಾರಿಯನ್ನೂ ನೀವೇ ತೋರಿಸಿ. ತಾವೀಜು ಕೇಳಿಕೊಂಡು ಬಂದವರಿಗೆ 14416 ಸಂಖ್ಯೆಯನ್ನೂ ಬರೆದುಕೊಟ್ಟರೆ ಡಾಕ್ಟರು ಹೇಳಿದ್ದಕ್ಕಿಂತ ಬೇಗ ಕೇಳುತ್ತಾರೆ.

ಅವಘಡವಾದ ಮನೆಗೆ ನಾವೆಲ್ಲ ಹೋಗುತ್ತೇವೆ. ಹೋದಾಗ ಮಾಡಬೇಕಾದದ್ದನ್ನು ವಿಶ್ವ ಆರೋಗ್ಯ ಸಂಸ್ಥೆ ಮೂರೇ ಮಾತಿನಲ್ಲಿ ಹೇಳಿದೆ: ನೋಡಿ, ಆಲಿಸಿ, ಜೋಡಿಸಿ. ಯಾರಿಗೆ ಏನು ಬೇಕು ಎಂದು ನೋಡುವುದು, ಅವರು ಹೇಳಿದಷ್ಟನ್ನು ಕೇಳುವುದು, ಸಹಾಯ ಸಿಗುವ ಕಡೆಗೆ ಜೋಡಿಸುವುದು. ಹೇಗಾಯಿತು, ಎಷ್ಟು ಸುಟ್ಟಿತು ಎಂದು ಬಂದವರೆಲ್ಲ ಮತ್ತೆ ಮತ್ತೆ ಹೇಳಿಸಬೇಡಿ. ಬೆಂಕಿಯ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಮುಂದೆ ಕಳಿಸಬೇಡಿ, ಆ ಮನೆಯ ಮಕ್ಕಳ ಕಣ್ಣಿಗೆ ಬೀಳಲು ಬಿಡಬೇಡಿ. ಮೆಡಿಕಲ್ ಶಾಪಿನಿಂದ ನೀವೇ ನಿದ್ದೆ ಮಾತ್ರೆ ತಂದುಕೊಡಬೇಡಿ. ಮೂರನೇ ದಿನದ ಫಾತಿಹಾಗೆ ಹೋದವರು ಮೂರನೇ ತಿಂಗಳೂ ಒಮ್ಮೆ ಹೋಗಿಬನ್ನಿ. ಅಷ್ಟು ಹೊತ್ತಿಗೆ ಆ ಮನೆಗೆ ಬರುವವರು ಯಾರೂ ಇರುವುದಿಲ್ಲ.

ಕೊನೆಯದಾಗಿ, ಟ್ರಸ್ಟ್‌ನ ಪದಾಧಿಕಾರಿಗಳ ಮುಂದೆ ಮೂರು ಕೋರಿಕೆಗಳನ್ನು ಇಡುತ್ತೇನೆ.

ಮೊದಲನೆಯದು, ನಮ್ಮ ವಿದ್ಯಾರ್ಥಿವೇತನ ನವೀಕರಣಕ್ಕೆ ಶೇ 60 ಅಂಕ ಬೇಕೆಂಬ ನಿಯಮವಿದೆ. ನಿಯಮ ಇರಲಿ. ಆದರೆ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: ಕಳೆದ ಐದು ವರ್ಷಗಳಲ್ಲಿ ಕುಟುಂಬದಲ್ಲಿ ಬೆಂಕಿ, ಅಪಘಾತ ಅಥವಾ ಸಾವು ಸಂಭವಿಸಿದೆಯೇ? ಹೌದು ಎಂದ ಮಗುವಿನ ಅರ್ಜಿಯನ್ನು ಅಂಕ ನೋಡಿ ಬದಿಗಿಡದೆ, ಕರೆಸಿ ಮಾತನಾಡಿಸಿ. ಆ ಮಗುವಿಗೆ ಹಣ ನಿಲ್ಲಿಸಿದರೆ ಬೆಂಕಿ ಸುಟ್ಟು ಉಳಿಸಿದ್ದನ್ನು ನಾವು ಸುಟ್ಟಂತಾಗುತ್ತದೆ.

ಎರಡನೆಯದು, ಆಸ್ಪತ್ರೆಗೆ ಹೋಗಿಬರುವ ಖರ್ಚಿಗೆ, ಆ ದಿನದ ಕೂಲಿಗೆ ಒಂದು ಸಣ್ಣ ನಿಧಿ ತೆಗೆದಿಡಿ. ಔಷಧಿ ಸರ್ಕಾರ ಕೊಡುತ್ತದೆ, ಬಸ್ ಟಿಕೆಟ್ ನಾವು ಕೊಡೋಣ. ಧರ್ಮ ಕೇಳದೆ, ಅಕ್ಕಪಕ್ಕದ ಎಲ್ಲರಿಗೂ ಕೊಡೋಣ. ಹುಣಸೋಡಿನ ಸದ್ದು ಯಾವ ಜಾತಿಯ ಮನೆ ಎಂದು ಕೇಳಿ ಗೋಡೆ ಅಲುಗಿಸಲಿಲ್ಲ.

ಮೂರನೆಯದು, ಪ್ರತಿ ಮೊಹಲ್ಲಾದಿಂದ ಇಬ್ಬರು, ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು, ಜೊತೆಗಾರರಾಗಿ ಹೆಸರು ಕೊಡಲಿ. ಅವರು ಡಾಕ್ಟರಾಗಬೇಕಿಲ್ಲ. ಚೀಟಿ ಮಾಡಿಸಿ, ಸರದಿಯಲ್ಲಿ ಪಕ್ಕದಲ್ಲಿ ಕೂತು, ಮುಂದಿನ ತಾರೀಖು ನೆನಪಿಸಿದರೆ ಸಾಕು. ಕಂಡದ್ದನ್ನು ಹೊರಗೆ ಹೇಳದಿದ್ದರೆ ಸಾಕು. ನಾನು ಭದ್ರಾವತಿಗೆ ನನ್ನ ಹೆಸರನ್ನು ಮೊದಲು ಬರೆಸುತ್ತಿದ್ದೇನೆ. ಮಂಗಳವಾರ ನನಗೆ ಬಿಡುವಿದೆ.

ಮಕ್ಕಳೇ, ನಿಮ್ಮಲ್ಲಿ ಕೆಲವರು ನರ್ಸಿಂಗ್ ಓದುತ್ತಿದ್ದೀರಿ, ಕೆಲವರು ಬಿಎಡ್ ಮಾಡುತ್ತಿದ್ದೀರಿ. ಮನಃಶಾಸ್ತ್ರ ಮತ್ತು ಸಮಾಜಕಾರ್ಯ ಓದಿದವರಿಗೂ ಈ ಕ್ಷೇತ್ರದಲ್ಲಿ ಕೆಲಸವಿದೆ. ನಮ್ಮ ಮನೆಮಾತಿನಲ್ಲಿ, ನಮ್ಮ ಹೆಣ್ಣುಮಕ್ಕಳ ಜೊತೆ ಕೂತು ಮಾತನಾಡಬಲ್ಲ ಆಪ್ತಸಮಾಲೋಚಕಿಯರು ಇನ್ನಷ್ಟು ಬೇಕು. ಇಂದು ಚೆಕ್ ತೆಗೆದುಕೊಳ್ಳುವ ಕೈಗಳಲ್ಲಿ ಒಂದಾದರೂ ಆ ದಾರಿ ಹಿಡಿಯಲಿ.

ಬೆಂಕಿಯಿಂದ ನೊಂದ ಎಲ್ಲರಿಗೂ ಅಲ್ಲಾಹನು ಶಿಫಾ ನೀಡಲಿ, ಅವರ ಜೊತೆ ಆಸ್ಪತ್ರೆಯವರೆಗೆ ನಡೆಯುವ ಮನಸ್ಸನ್ನು ನಮಗೆ ಕೊಡಲಿ. ಆಮೀನ್.